ಕಸ ಕಲಿಸಲು ಹೋದ ವರ್ಷ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಬಚ್ಚಲೊಲೆಗೆ ಬೆಂಕಿ ಹಚ್ಚಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಹಾಲಿನ ಕವರು ಎಂದು ನನ್ನ ಮೂಗು ಹೇಳಿತು. ನಿಮಗೆ ನಗು ಬರಬಹುದು. ಆದರೆ ಉರಿಯುತ್ತಿರುವುದು ಹಾಲಿನ ಕವರೋ, ಎಣ್ಣೆಯ ಪ್ಯಾಕೆಟ್ಟೋ, ಮಕ್ಕಳು ತಿಂದು ಬಿಸಾಡಿದ ಕುರುಕಲಿನ ಪೊಟ್ಟಣವೋ ಎಂದು ಕಾಣದೆಯೇ ಹೇಳುವಷ್ಟು ವಿದ್ಯೆ ನನಗಿದೆ. ಇಷ್ಟು ವರ್ಷದ ಟೀಚರ್ ಕೆಲಸದಲ್ಲಿ ಕಷ್ಟಪಟ್ಟು ಕಲಿತದ್ದೆಲ್ಲ ಮರೆತುಹೋಗುತ್ತಾ ಬಂದಿದೆ. ಕಸದ ವಿಷಯ ಮಾತ್ರ ಒಂದೇ ವರ್ಷದಲ್ಲಿ ಕಲಿತದ್ದು, ಇನ್ನೂ ಹೋಗಿಲ್ಲ. ಕಿಟಕಿ ಮುಚ್ಚಿ ಕಾಫಿ ಲೋಟ ಹಿಡಿದು ಕೂತೆ. ಆ ವರ್ಷದ ವಿಷಯ ಯಾರಿಗೂ ಪೂರ್ತಿ ಹೇಳಿಲ್ಲವಲ್ಲ ಅನ್ನಿಸಿತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಏಳು ವರ್ಷದ ಹಿಂದೆ ನಾನು ಸಿಆರ್‌ಪಿ ಆಗಿದ್ದೆ. ಹಾಗೆಂದರೆ ತರಗತಿಯಿಂದ ಹೊರಗೆ ತೆಗೆದು ಸುತ್ತಮುತ್ತಲಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳಲು ಹಾಕಿದ ಟೀಚರು. ಮಕ್ಕಳಿಗೆ ಪಾಠ ಮಾಡುವ ಕೆಲಸ ತಪ್ಪುತ್ತದೆ, ಪಾಠ ಮಾಡುವವರಿಗೆ ಪಾಠ ಹೇಳುವ ಚಟ ಹತ್ತುತ್ತದೆ. ಒಂದು ದಿನ ಮೀಟಿಂಗಿನಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಕಸ ಬೇರೆ ಮಾಡಿ ಮರುಬಳಕೆಗೆ ಕಳಿಸುವ ಕಾರ್ಯಕ್ರಮ ಶುರುವಾಗಬೇಕು, ಯಾರು ವಹಿಸಿಕೊಳ್ಳುತ್ತೀರಿ ಎಂದರು. ಎಲ್ಲರೂ ತಮ್ಮ ತಮ್ಮ ಫೈಲಿನಲ್ಲಿ ಏನೋ ಹುಡುಕತೊಡಗಿದರು. ನಾನು ಮನೆಯಿಂದ ತಂದಿದ್ದ ಸ್ಟೀಲ್ ಲೋಟದಲ್ಲಿ ಟೀ ಕುಡಿಯುತ್ತಿದ್ದೆ. ಸಾಹೇಬರು ಆ ಲೋಟವನ್ನೇ ನೋಡಿ, “ಮೇಡಂಗೆ ಪರಿಸರದ ಕಾಳಜಿ ಇದೆ,” ಅಂದರು. ಪೇಪರ್ ಕಪ್ಪಿನ ಮೇಣದ ವಾಸನೆಗೆ ನನಗೆ ವಾಕರಿಕೆ ಬರುತ್ತದೆ, ಅಷ್ಟೇ ವಿಷಯ. ಆದರೆ ಹೊಗಳಿಕೆ ಬಂದಾಗ ಕಾರಣ ತಿದ್ದುವ ಅಭ್ಯಾಸ ನನಗಿಲ್ಲ. ಹೂಂ ಅಂದೆ.

ಯಾವುದೋ ಸಂಸ್ಥೆಯವರು ಹಸಿರು, ನೀಲಿ, ಕೆಂಪು ಡಬ್ಬಿಗಳನ್ನು ದಾನ ಕೊಟ್ಟರು. ಲಾರಿಯಲ್ಲಿ ಬಂದವು, ಜೀಪಿನಲ್ಲಿ ಹಂಚಿದೆವು. ಒಂದು ಶಾಲೆಯ ಹೆಡ್‌ಮಾಸ್ಟರು ಹೊಸ ಡಬ್ಬಿ ಗಲೀಜಾಗುತ್ತದೆಂದು ಆಫೀಸಿನೊಳಗಿಟ್ಟು ಬೀಗ ಹಾಕಿದರು. ಇನ್ನೊಂದು ಶಾಲೆಯಲ್ಲಿ ಅಡುಗೆಯ ಲಲಿತಕ್ಕ ನೀಲಿ ಡಬ್ಬಿಯಲ್ಲಿ ಅಕ್ಕಿ ತುಂಬಿಸಿ, “ಮುಚ್ಚಳ ಎಂತಾ ಗಟ್ಟಿ ನೋಡಿ ಮೇಡಂ, ಇಲಿ ಬರಲ್ಲ,” ಎಂದು ನನಗೇ ತೋರಿಸಿದಳು. ಶೃಂಗೇರಿ ಕಡೆಯ ಒಂದು ಶಾಲೆಯವರು ತಮ್ಮಲ್ಲಿ ಕಸವೇ ಇಲ್ಲ ಎಂದರು. ನಿಜ, ಅಂಗಳ ಕನ್ನಡಿಯ ಹಾಗಿತ್ತು. ಹಿಂದೆ ಹೋಗಿ ನೋಡಿದರೆ ಹಳ್ಳ, ಕಸವೆಲ್ಲ ಅದರಲ್ಲಿ. ಪ್ಲಾಸ್ಟಿಕ್ ಕಡಿಮೆ ಮಾಡಿ ಎಂದು ಬರೆಸಿದ ದೊಡ್ಡ ಫ್ಲೆಕ್ಸ್ ಬ್ಯಾನರು ಕೂಡ ಪ್ಲಾಸ್ಟಿಕ್ಕಿನದೇ ಎಂಬುದು ಅದನ್ನು ಕಟ್ಟಿದ ಮೇಲೆ ನನಗೆ ಹೊಳೆಯಿತು.

ಇವೆಲ್ಲ ನಗುವ ವಿಷಯ. ನಗು ನಿಂತದ್ದು ಬಸರೀಕಟ್ಟೆ ಕಡೆಯ ಒಂದು ಸಣ್ಣ ಶಾಲೆಯಲ್ಲಿ. ಅಲ್ಲಿಯ ಮಕ್ಕಳು ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದರು. ಬಿಸಿಯೂಟದ ಎಣ್ಣೆ ಪ್ಯಾಕೆಟ್ಟುಗಳನ್ನು ಸೀಗೆಪುಡಿ ಹಾಕಿ ತೊಳೆದು, ತಂತಿಗೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಒಣಗಿಸಿ, ಒಂದರ ಮೇಲೊಂದು ಜೋಡಿಸಿ ಕಟ್ಟು ಕಟ್ಟಿದ್ದರು. ಎರಡು ತಿಂಗಳ ಶ್ರಮ. ಒಯ್ಯುವವರು ಯಾರೂ ಬರಲಿಲ್ಲ. ಪಂಚಾಯಿತಿಯ ಗಾಡಿ ಆ ಏರು ಹತ್ತುತ್ತಿರಲಿಲ್ಲ. ಯಾರು ಒಯ್ಯಬೇಕು ಎಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ. ಕಸವನ್ನು ಬೇರೆ ಮಾಡಿದರೆ ಅದು ತಾನಾಗಿ ಎಲ್ಲಿಗೋ ಹೋಗುತ್ತದೆಂದು ನಂಬಿದ್ದೆನೋ ಏನೋ. ಕಡೆಗೆ ಮೇಲಿನವರು ತಪಾಸಣೆಗೆ ಬರುತ್ತಾರೆಂದು ಹೆದರಿ ಅಲ್ಲಿಯ ಮೇಷ್ಟರು ಎಲ್ಲಕ್ಕೂ ಬೆಂಕಿ ಕೊಟ್ಟರು. ನಾನು ಹೋದಾಗ ಮೈದಾನದ ಮೂಲೆ ಕಪ್ಪಾಗಿತ್ತು. ಮೂರನೇ ಕ್ಲಾಸಿನ ಒಂದು ಹುಡುಗಿ ಹತ್ತಿರ ಬಂದು ಕೇಳಿತು:

“ಹಂಗಾರೆ ತೊಳೆದಿದ್ದು ಎಂತಕ್ಕೆ ಟೀಚರ್?”

ನಾನು ಬ್ಯಾಗಿನಲ್ಲಿ ಪೆನ್ನು ಹುಡುಕುವವಳ ಹಾಗೆ ಮಾಡಿದೆ.

ಅದೇ ದಿನ ವಾಪಸ್ ಕೊಪ್ಪಕ್ಕೆ ಸ್ಕೂಟಿಯಲ್ಲಿ ಬರುವಾಗ ಎದುರಿನಿಂದ ಒಂದು ಲಗೇಜ್ ಆಟೋ ಬಂತು. ಅದರ ತಲೆಯ ಮೇಲಿನ ಸ್ಪೀಕರಿನಿಂದ ಪುಟ್ಟ ಮಗುವಿನ ಧ್ವನಿ, ರಾಗವಾಗಿ: “ಹಳೇ ಕಬ್ಬಿಣಾ, ಹಳೇ ಪೇಪರ್, ಹಳೇ ಬಕೆಟು, ತಗಡೂ...” ಆ ಧ್ವನಿಯನ್ನು ಎಷ್ಟೋ ಸಲ ಕೇಳಿದ್ದೆ, ನಿಂತಿರಲಿಲ್ಲ. ಅವತ್ತು ಕೈ ಅಡ್ಡ ಹಿಡಿದೆ.

ಆಟೋದವನ ಹೆಸರು ಹಾಲಪ್ಪ. ಶಿಕಾರಿಪುರದ ಕಡೆಯವನು, ಕೊಪ್ಪಕ್ಕೆ ಬಂದು ಹದಿನೈದು ವರ್ಷವಾಗಿತ್ತು. ಆ ಶಾಲೆಯಲ್ಲಿ ಸುಡದೆ ಉಳಿದಿದ್ದ ಒಂದೆರಡು ಪ್ಯಾಕೆಟ್ಟುಗಳನ್ನು ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ, ಎಣ್ಣೆಯದನ್ನು ಕೊಟ್ಟೆ. ಅವನು ಅದನ್ನು ನೋಡಲಿಲ್ಲ, ಕಿವಿಯ ಹತ್ತಿರ ಹಿಡಿದು ಎರಡು ಬೆರಳಿನಲ್ಲಿ ಉಜ್ಜಿದ.

“ಇದು ಮೆತ್ತಂದು ಮೇಡಂ. ಸದ್ದು ಕೇಳಿ, ಒಣಗಿದ ಎಲೆ ತರ. ಶಿವಮೊಗ್ಗದಾಗೆ ಗೋಡೌನಿನವ್ರು ತಗೋತಾರೆ. ತೊಳ್ದಿರ್ಬೇಕು, ಒಂದು ಗಾಡಿಯಷ್ಟು ಆಗ್ಬೇಕು.”

ಹಾಲಿನಪುಡಿಯ ಪ್ಯಾಕೆಟ್ ಕೊಟ್ಟೆ. ಅದನ್ನು ಉಜ್ಜಲೂ ಇಲ್ಲ. “ಇದು ಮಿಣಮಿಣ. ಒಳಗೆ ಬೆಳ್ಳಿ. ಇದು ಯಾರಿಗೂ ಬ್ಯಾಡ.”

“ಮತ್ತೆ ಇದನ್ನ ಎಂತ ಮಾಡೋದು?”

“ಬಂದಾದ್ಮೇಲೆ ಮಾಡೋದು ಎಂತದೂ ಇಲ್ಲ ಮೇಡಂ. ಬರೋದನ್ನೇ ಕಮ್ಮಿ ಮಾಡ್ಬೇಕು.”

ಮೂರು ಬಣ್ಣದ ಡಬ್ಬಿಯ ವಿಷಯ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಬಿಸಿಯೂಟದ ಖಾಲಿ ಅಕ್ಕಿಚೀಲ ಪ್ರತಿ ಶಾಲೆಯಲ್ಲೂ ಇರುತ್ತದೆ, ಗೋಡೆಗೆ ಮೂರು ಮೊಳೆ ಹೊಡೆದು ಮೂರು ಚೀಲ ತೂಗುಹಾಕಿ, ಒಂದರಲ್ಲಿ ಪೇಪರು, ಒಂದರಲ್ಲಿ ಮೆತ್ತನೆಯದು, ಒಂದರಲ್ಲಿ ಪೆನ್ನು ಬಾಟಲಿಯಂಥ ಗಟ್ಟಿಯದು, ತುಂಬಿದಾಗ ಫೋನ್ ಮಾಡಿ ಎಂದ. ಸಾಹೇಬರ ಮೀಟಿಂಗು, ಲಾರಿ, ಜೀಪು ಎಲ್ಲ ಸೇರಿ ಮಾಡಲಾಗದ್ದು ರಸ್ತೆ ಬದಿಯಲ್ಲಿ ಹತ್ತು ನಿಮಿಷಕ್ಕೆ ಮುಗಿದುಹೋಯಿತು.

ಅಲ್ಲಿಂದ ಕಾರ್ಯಕ್ರಮಕ್ಕೆ ಜೀವ ಬಂತು. ಹಾಲಪ್ಪ ಶನಿವಾರಗಳಂದು ಒಂದೊಂದು ಶಾಲೆಗೆ ಬಂದು ಮಕ್ಕಳಿಗೆ ಕಣ್ಣು ಮುಚ್ಚಿಸಿ ಸದ್ದಿನಿಂದ ಪ್ಲಾಸ್ಟಿಕ್ ಗುರುತಿಸುವುದನ್ನು ಹೇಳಿಕೊಡುತ್ತಿದ್ದ. ನೀವು ನೋಡಬೇಕಿತ್ತು. ಒಂದು ನಿಮಿಷ ಸುಮ್ಮನಿರದ ಮಕ್ಕಳು ಉಸಿರು ಬಿಗಿಹಿಡಿದು, ಕಿವಿ ಕೊಟ್ಟು ಕೂತಿರುತ್ತಿದ್ದವು. “ಮೆತ್ತಂದು!” “ಅಲ್ಲ, ಮಿಣಮಿಣ!” ಬಸರೀಕಟ್ಟೆ ಕಡೆಯ ಆ ಶಾಲೆಯ ಮಕ್ಕಳು ಎರಡನೇ ಸಲ ತೊಳೆದ ಕಟ್ಟುಗಳು ಅವನ ಆಟೋದಲ್ಲಿ ಏರು ಇಳಿದು ಶಿವಮೊಗ್ಗ ತಲುಪಿದವು. ಆ ಮೂರನೇ ಕ್ಲಾಸಿನ ಹುಡುಗಿ ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತಿತ್ತು. ಇನ್ನೊಮ್ಮೆ ಮೋಸ ಹೋಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿತೋ ಏನೋ.

ಎಲ್ಲ ಸರಿಯಾಗುತ್ತಿದ್ದಾಗ ನನಗೆ ಒಂದು ದೊಡ್ಡ ಕಾರ್ಯಕ್ರಮ ಮಾಡುವ ಹುಕಿ ಬಂತು. ಕೊಪ್ಪ ಪೇಟೆಯ ಅಂಚಿನ ಒಂದು ಶಾಲೆಯನ್ನು ಆರಿಸಿದೆ. ಜಾಗ ದೊಡ್ಡದು, ಸಾಹೇಬರಿಗೆ ಬರಲು ಸುಲಭ. ಹಾಲಪ್ಪ ತಲೆ ಕೆರೆದುಕೊಂಡ.

“ಬೇರೆ ಎಲ್ಲಿಗಾದ್ರೂ ಬತ್ತೀನಿ ಮೇಡಂ. ಅದೊಂದು ಬ್ಯಾಡ.”

“ಯಾಕೆ?”

“ಮಗಳು ಅಲ್ಲೇ ಓದ್ತಾಳೆ. ಏಳನೇ ಕ್ಲಾಸು.”

“ಮತ್ತೂ ಒಳ್ಳೇದಾಯ್ತಲ್ಲ ಹಾಲಪ್ಪ! ಅವಳಿಗೂ ಹೆಮ್ಮೆ,” ಅಂದೆ. ಅವನು ಇನ್ನೇನೋ ಹೇಳಲು ಹೊರಟ. ನನಗೆ ಫೋನ್ ಬಂತು.

ಆ ದಿನ ಶಾಮಿಯಾನ ಹಾಕಿತ್ತು. ವೇದಿಕೆಯ ಕುರ್ಚಿಗಳಲ್ಲಿ ಸಾಹೇಬರು, ಪಂಚಾಯಿತಿಯವರು, ಹೆಡ್‌ಮಿಸ್ಟ್ರೆಸ್ಸು, ನಾನು. ಹಾಲಪ್ಪ ಕೆಳಗೆ, ತನ್ನ ಆಟೋದ ಪಕ್ಕ ನಿಂತಿದ್ದ. ಅವನು ತೋರಿಸಿಕೊಟ್ಟದ್ದೆಲ್ಲ ಚೆನ್ನಾಗಿಯೇ ಆಯಿತು, ಸಾಹೇಬರೂ ಕಣ್ಣು ಮುಚ್ಚಿ ಸದ್ದು ಗುರುತಿಸಿ ಸೋತರು. ಇನ್ನು ವಂದನಾರ್ಪಣೆ ಮಾಡಿ ಮುಗಿಸಿದ್ದರೆ ಆಗಿತ್ತು. ನನಗೆ ಮೈಕು ಕೈಗೆ ಬಂದರೆ ಬಿಡಲು ಮನಸ್ಸಾಗುವುದಿಲ್ಲ.

“ಮಕ್ಕಳೇ, ಇವರು ಯಾರು ಗೊತ್ತಾ? ನಿಮ್ಮ ಏಳನೇ ಕ್ಲಾಸಿನ ಚೈತ್ರಾಳ ತಂದೆ!” ಅಂದೆ. ಅಷ್ಟಕ್ಕೂ ನಿಲ್ಲಿಸಲಿಲ್ಲ. “ಹಾಲಪ್ಪ, ನಿನ್ನ ಆಟೋದಲ್ಲಿ ಒಂದು ಪುಟ್ಟ ಧ್ವನಿ ಬರ್ತದಲ್ಲ, ಹಳೇ ಕಬ್ಬಿಣ ಅಂತ. ಅದು ಯಾರದ್ದು ಮಾರಾಯ?”

ಅವನು ಏಳನೇ ಕ್ಲಾಸಿನ ಸಾಲಿನ ಕಡೆ ನೋಡಿದ. ಸುಳ್ಳು ಹೇಳಿ ಗೊತ್ತಿಲ್ಲದವನು. “ಅವಳ್ದೇ ಮೇಡಂ. ಅಂಗನವಾಡಿಗೆ ಹೋಗುವಾಗ ಹೇಳಿದ್ದು. ರೆಕಾರ್ಡ್ ಮಾಡ್ಸಿಟ್ಟೆ.”

ಇಡೀ ಶಾಮಿಯಾನ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ ಅದೇ ರಾಗದಲ್ಲಿ “ಹಳೇ ಕಬ್ಬಿಣಾ” ಎಂದರು, ಇನ್ನೊಬ್ಬರು “ತಗಡೂ” ಎಂದು ಮುಗಿಸಿದರು. ಏಳನೇ ಕ್ಲಾಸಿನ ಸಾಲಿನಲ್ಲಿ ಎರಡು ಜಡೆಯ ಒಂದು ಹುಡುಗಿ ತಲೆ ಬಗ್ಗಿಸಿ ನೆಲದ ಮಣ್ಣಿನಲ್ಲಿ ಬೆರಳಿನಿಂದ ಏನೋ ಗೀರುತ್ತಿತ್ತು. ನಾಚಿಕೆ, ಪಾಪ, ಎಂದುಕೊಂಡೆ. ಕಾರ್ಯಕ್ರಮ ಯಶಸ್ವಿಯಾಯಿತು ಎಂದು ವರದಿ ಬರೆದು ಫೋಟೋ ಹಚ್ಚಿ ಕಳಿಸಿದೆ.

ಎಂಟು ದಿನದ ಮೇಲೆ ಹೆಡ್‌ಮಿಸ್ಟ್ರೆಸ್ಸು ಫೋನ್ ಮಾಡಿದರು. “ನಿಮ್ಮ ಕಸದ ಪ್ರೋಗ್ರಾಂ ಚಂದ ಆಯ್ತು ಮಾರಾಯ್ರೆ. ಆದ್ರೆ ಆ ಚೈತ್ರಾ ಸೋಮವಾರದಿಂದ ಬರ್ಲಿಲ್ಲ. ದಾರೀಲಿ ಎಲ್ಲ ಮಕ್ಕಳು ಅವಳನ್ನ ಹಳೇ ಕಬ್ಬಿಣ ಅಂತ ಕರೀತಾವಂತೆ. ನಾನು ಬೈದೆ. ಬೈದಷ್ಟೂ ಜಾಸ್ತಿ.”

ಭಾನುವಾರ ಅವರ ಮನೆ ಹುಡುಕಿಕೊಂಡು ಹೋದೆ. ಪೇಟೆ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಹಾಲಪ್ಪನೇ ಸಿಕ್ಕಿದ. ಆಟೋ ನಿಲ್ಲಿಸಿಕೊಂಡು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಒಂದು ಕೇರಿಯ ಕಡೆ ಮುಖ ಮಾಡಿ ಕೂಗುತ್ತಿದ್ದ. ಗಂಟಲು ಒಡೆದಿತ್ತು. ಆಟೋದ ಮೇಲೆ ಸ್ಪೀಕರು ಇರಲಿಲ್ಲ, ಎರಡು ವೈರು ಜೋತಾಡುತ್ತಿದ್ದವು.

“ಸ್ಪೀಕರ್ ಏನಾಯ್ತು?”

“ತೆಗೆದೆ ಮೇಡಂ. ಅವಳ ಧ್ವನಿ, ಅವಳಿಗೆ ವಾಪಸ್ ಕೊಟ್ಟೆ.”

ನನ್ನ ಮೇಲೆ ಸಿಟ್ಟಿದ್ದ ಹಾಗೆ ಕಾಣಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮನೆಯ ದಾರಿ ತೋರಿಸಿ, “ನೀವೇ ಒಂದು ಮಾತು ಹೇಳಿ, ನಾವು ಹೇಳಿದ್ರೆ ಕೇಳಲ್ಲ,” ಅಂದ.

ಶೀಟಿನ ಮನೆ, ಪಕ್ಕದಲ್ಲಿ ಸಾಮಾನು ಬೇರೆ ಮಾಡುವ ಚಪ್ಪರ. ತಾಯಿ ನೀಲಮ್ಮ ಚಾಪೆ ಹಾಸಿ ನನಗೆ ಕೂರಲು ಹೇಳಿ ಒಳಗೆ ಟೀ ಇಡಲು ಹೋದರು. ಚೈತ್ರಾ ಚಪ್ಪರದಡಿ ಹಳೆಯ ನೋಟ್‌ಬುಕ್ಕುಗಳ ರಾಶಿಯ ಮುಂದೆ ಕೂತು ಯಾರದೋ ಎಸ್ಸೆಸ್ಸೆಲ್ಸಿ ವಿಜ್ಞಾನದ ನೋಟ್ಸು ಓದುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಸಿದ್ಧಮಾಡಿಕೊಂಡು ಹೋಗಿದ್ದ ಮಾತೆಲ್ಲ ಹೇಳಿದೆ. ಯಾವ ಕೆಲಸವೂ ಕೀಳಲ್ಲ, ಅಪ್ಪ ಮಾಡುವುದು ದೊಡ್ಡ ಕೆಲಸ, ನಾಚಿಕೆಪಡಬಾರದು.

ಅವಳು ಪುಸ್ತಕ ಮುಚ್ಚಿದಳು.

“ನಂಗೆ ಅಪ್ಪನ ಕೆಲಸಕ್ಕೆ ನಾಚಿಕೆ ಇಲ್ಲ ಟೀಚರ್.”

“ಮತ್ತೆ?”

“ಸದ್ದಿನಿಂದ ಹೇಳೋದು ಅಪ್ಪ ಮೊದ್ಲು ನಂಗೇ ಕಲ್ಸಿದ್ದು. ಅವತ್ತು ಎಲ್ರೂ ಸುಮ್ನೆ ಕೂತು ಕೇಳುವಾಗ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ?” ಮುಚ್ಚಿದ ಪುಸ್ತಕವನ್ನು ರಾಶಿಯ ಮೇಲಿಟ್ಟಳು. “ಎಲ್ರಿಗೂ ಕುರ್ಚಿ ಇತ್ತು. ಅಪ್ಪಂಗೆ ಇರ್ಲಿಲ್ಲ. ಆಮೇಲೆ ಆ ಧ್ವನಿ ವಿಷಯ. ಮೊದ್ಲು ನಕ್ಕಿದ್ದು ನೀವು.”

ಇಲ್ಲ ಎನ್ನಲು ಬಾಯಿ ತೆರೆದೆ. ನಾನು ನಕ್ಕಿದ್ದು ಅಕ್ಕರೆಯಿಂದ, ಅಂಗನವಾಡಿಯ ಮಗುವೊಂದು ತೊದಲುತ್ತಾ ಕಬ್ಬಿಣ ಕೇಳುವುದು ಕಣ್ಣಮುಂದೆ ಬಂದು. ಆದರೆ ಮೈಕು ನನ್ನ ಕೈಯಲ್ಲೇ ಇತ್ತು, ಬಾಯಿಯ ಹತ್ತಿರವೇ ಇತ್ತು. ಆ ನಗು ಶಾಮಿಯಾನದ ನಾಲ್ಕೂ ಮೂಲೆಗೆ ಕೇಳಿಸಿತ್ತು. ಅಕ್ಕರೆ ಮೈಕಿನಲ್ಲಿ ಕೇಳಿಸುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ.

“ತಪ್ಪಾಯ್ತು ಚೈತ್ರಾ,” ಅಂದೆ.

ಆಯ್ತು ಬಿಡಿ ಎಂದು ಅವಳು ಹೇಳಲಿಲ್ಲ. ದೊಡ್ಡವರು ತಪ್ಪೊಪ್ಪಿಕೊಂಡರೆ ಮಕ್ಕಳು ಕೂಡಲೇ ಕ್ಷಮಿಸಬೇಕೆಂಬ ನಿಯಮ ಅವಳಿಗೆ ಯಾರೂ ಹೇಳಿರಲಿಲ್ಲ. “ನಾನು ಬೇರೆ ಶಾಲೆಗೆ ಹೋಗ್ಬಹುದಾ ಟೀಚರ್?” ಎಂದು ಮಾತ್ರ ಕೇಳಿದಳು. ನೀಲಮ್ಮ ಟೀ ತಂದಿಟ್ಟು, “ಹಟ ಇವಳ್ದು. ಎಂತ ಮಾಡದು,” ಎಂದರು. ಅದು ಹಟವಲ್ಲ ಎಂದು ನನಗೆ ಗೊತ್ತಾಗಿತ್ತು, ಹೇಳಲು ಧೈರ್ಯ ಬರಲಿಲ್ಲ.

ಶೃಂಗೇರಿಯಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಇತ್ತು. ಟಿ.ಸಿ. ತೆಗೆಸಿ ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿದೆ. ಸಿಆರ್‌ಪಿ ಆಗಿ ನಾನು ಮಾಡಿದ ಕೆಲಸಗಳಲ್ಲಿ ಬೇಗ ಆದದ್ದು ಅದೊಂದೇ. ಹನ್ನೆರಡು ವರ್ಷದ ಹುಡುಗಿ ಮನೆ ಬಿಟ್ಟು ಇರಬೇಕಾದದ್ದು ನನ್ನ ಒಂದು ಪ್ರಶ್ನೆಯಿಂದ. ಯಾವ ವರದಿಯಲ್ಲೂ ಇದಕ್ಕೆ ಕಾಲಂ ಇರಲಿಲ್ಲ.

ಹಾಲಪ್ಪ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಅವರು ಮುಂದಿನ ಶನಿವಾರವೇ ಫೋನ್ ಮಾಡಿ, “ಎನ್.ಆರ್. ಪುರದ ಶಾಲೆಗೆ ಎಷ್ಟು ಹೊತ್ತಿಗೆ ಬರ್ಲಿ ಮೇಡಂ?” ಎಂದು ಕೇಳಿದರು. ಅವರು ಎಂದು ಈಗ ಬರೆಯುತ್ತಿದ್ದೇನೆ, ಗಮನಿಸಿರಬಹುದು. ಆವರೆಗೆ ನಾನು ಬಾಯಲ್ಲಿ ಅವನು ಇವನು ಎನ್ನುತ್ತಿದ್ದೆ, ಅವರು ನನಗಿಂತ ದೊಡ್ಡವರು ಎಂಬುದು ಗೊತ್ತಿದ್ದೂ. ಆಮೇಲಿನ ಎಲ್ಲ ಶಾಲೆಗಳಲ್ಲೂ ಹಾಲಪ್ಪನವರಿಗೆ ಒಂದು ಕುರ್ಚಿ ಹಾಕಿಸಿದೆ. ಅವರು ಒಮ್ಮೆಯೂ ಅದರಲ್ಲಿ ಕೂರಲಿಲ್ಲ. ಹೆಗಲ ಟವೆಲು ತೆಗೆದು ಅದರ ಬೆನ್ನಿಗೆ ಹಾಕಿ, ಮಕ್ಕಳ ಮಧ್ಯೆ ನೆಲದಲ್ಲಿ ಕೂತು ಪಾಠ ಶುರುಮಾಡುತ್ತಿದ್ದರು.

ಕಾರ್ಯಕ್ರಮ ಇನ್ನೆರಡು ವರ್ಷ ನಡೆಯಿತು. ಸಾಹೇಬರಿಗೆ ವರ್ಗವಾಯಿತು, ಹೊಸಬರಿಗೆ ಬೇರೆ ವಿಷಯದಲ್ಲಿ ಆಸಕ್ತಿ ಇತ್ತು, ನಾನು ವಾಪಸ್ ಶಾಲೆಗೆ ಬಂದೆ. ಹಾಲಪ್ಪನವರು ಮಂಡಿ ನೋವು ಜಾಸ್ತಿಯಾಗಿ ಆಟೋ ಮಾರಿದರೆಂದು ಯಾರೋ ಹೇಳಿದರು. ಅಡುಗೆಯವರೋ ಒಬ್ಬ ಟೀಚರೋ ಮನಸ್ಸು ಮಾಡಿದ ಮೂರ್ನಾಲ್ಕು ಕಡೆ ಅಕ್ಕಿಚೀಲಗಳು ಈಗಲೂ ತೂಗುತ್ತಿವೆ. ಉಳಿದ ಕಡೆ ಮೊಳೆ ಮಾತ್ರ ಇದೆ, ಅದಕ್ಕೆ ಕ್ಯಾಲೆಂಡರ್ ಹಾಕಿದ್ದಾರೆ.

ಈಗ ನಾನು ಶೆಟ್ಟಿಕೊಪ್ಪದ ಕಡೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಕಳೆದ ತಿಂಗಳು ಶಿವಮೊಗ್ಗದಿಂದ ಡಿ.ಎಡ್. ಓದುವ ಇಬ್ಬರು ಹುಡುಗಿಯರು ಪಾಠದ ಅಭ್ಯಾಸಕ್ಕೆಂದು ಬಂದರು. ಒಬ್ಬಳು ಪತ್ರ ಕೊಟ್ಟು ನಿಂತಳು. ಜಡೆ ಒಂದೇ ಆಗಿತ್ತು, ಮುಖ ಅದೇ.

“ಚೈತ್ರಾ?”

“ಹೌದು ಮೇಡಂ. ಅಪ್ಪ ಕೇಳಿದ್ರು ಅಂತ ಹೇಳು ಅಂದ್ರು,” ಅಂದಳು.

ಮೂರು ವಾರ ಇದ್ದಳು. ಹಳೆಯದು ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ತೆಗೆದಿದ್ದರೆ ಅದು ನನ್ನ ಸಮಾಧಾನಕ್ಕೇ ಆಗುತ್ತಿತ್ತು. ಟೀ ಹೊತ್ತಿಗೆ ಹಾಸ್ಟೆಲಿನ ವಿಷಯ, ಅಪ್ಪನ ಮಂಡಿಯ ವಿಷಯ, ಕನ್ನಡ ವ್ಯಾಕರಣದ ವಿಷಯ ಮಾತಾಡುತ್ತಿದ್ದಳು. ಕೆಲಸದಲ್ಲಿ ಚುರುಕು. ನಾನು ಹಿಂದಿನ ಬಾಗಿಲಲ್ಲಿ ನಿಂತು ಅವಳ ಪಾಠ ನೋಡಿ ಅಂಕ ಹಾಕಬೇಕಿತ್ತು.

ಒಂದು ದಿನ ಐದನೇ ತರಗತಿಯಲ್ಲಿ ಮಕ್ಕಳಿಂದ ಓದಿಸುತ್ತಿದ್ದಳು. ಉಗ್ಗುವ ಹುಡುಗ ಒಬ್ಬನಿದ್ದ. ಅವನ ಸರದಿ ಬಂತು, ಎದ್ದು ನಿಂತ, ಮೊದಲ ಪದದಲ್ಲೇ ಸಿಕ್ಕಿಹಾಕಿಕೊಂಡ. ಹಿಂದೆ ನಿಂತಿದ್ದರಿಂದ ನನಗೆ ಮಕ್ಕಳ ತಲೆಗಳು ಮಾತ್ರ ಕಾಣುತ್ತಿದ್ದವು. ಆ ತಲೆಗಳೆಲ್ಲ ಮೊದಲು ಹುಡುಗನ ಕಡೆ ತಿರುಗಿದವು. ಆಮೇಲೆ, ಯಾರೋ ಹೇಳಿಕೊಟ್ಟ ಹಾಗೆ, ಒಟ್ಟಿಗೆ ಚೈತ್ರಾಳ ಕಡೆ ತಿರುಗಿದವು. ನಗಬಹುದೋ ಬಾರದೋ ಎಂದು ಕೇಳುತ್ತಿದ್ದವು. ಚೈತ್ರಾಳ ಮುಖದಲ್ಲಿ ಏನೂ ಇರಲಿಲ್ಲ. ಕನಿಕರ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಆರಾಮಾಗಿ ಕಾಯುತ್ತಿದ್ದಳು. ಹುಡುಗ ಪದವನ್ನು ಹೇಳಿ ಮುಗಿಸಿದ. “ಹೂಂ, ಮುಂದೆ,” ಅಂದಳು. ತಲೆಗಳೆಲ್ಲ ಪುಸ್ತಕಕ್ಕೆ ಬಗ್ಗಿದವು.

ಇಷ್ಟು ವರ್ಷ ನಾನು ಮಕ್ಕಳ ಎದುರಿಗೇ ನಿಂತವಳು. ನಗುವ ಮೊದಲು ಅವು ಒಂದು ಸಲ ನಮ್ಮ ಮುಖ ನೋಡುತ್ತವೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಆವತ್ತು, ಹಿಂದೆ ನಿಂತಾಗ. ಶಾಮಿಯಾನದ ಕೆಳಗೂ ಆ ತಲೆಗಳು ಹೀಗೇ ತಿರುಗಿರಬೇಕು.

ಅವಳು ಹೋಗಿ ಹತ್ತು ದಿನವಾಯಿತು. ನಿನ್ನೆ ನಾಲ್ಕನೇ ತರಗತಿಗೆ ಟೀಚರು ಇರಲಿಲ್ಲ, ನಾನೇ ಹೋದೆ. ಎಸ್ಟೇಟ್ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದವರ ಮಗಳು ಒಬ್ಬಳಿದ್ದಾಳೆ, ಈ ವರ್ಷ ಸೇರಿದ್ದು. ಎದ್ದು ನಿಂತು ಬೆರಳಿಟ್ಟುಕೊಂಡು ಓದಿದಳು. ‘ಬಾಳೆಹಣ್ಣು’ ಎನ್ನುವಲ್ಲಿ ‘ಬಾಲೆಹಣ್ಣು’ ಅಂದಳು. ತರಗತಿ ಅವಳ ಕಡೆ ನೋಡಿತು, ಆಮೇಲೆ ನನ್ನ ಕಡೆ. ಮೂವತ್ತು ಮುಖಗಳು. ಒಳಗೆ ನಗು ಬಂದದ್ದು ನಿಜ, ಅಷ್ಟು ಮುದ್ದಾಗಿ ಹೇಳಿದ್ದಳು.

ನಾನು ಕಾದೆ.

“ಹೂಂ, ಮುಂದೆ,” ಅಂದೆ. ಅವಳು ಬೆರಳನ್ನು ಮುಂದಿನ ಸಾಲಿಗೆ ಸರಿಸಿದಳು.